ಮಾವ ಪಾಸು ಅಂದರೆ ಪಾಸು

ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮೌಸ್‌ಗೆ ವಾರದಲ್ಲಿ ಐದು ದಿನ ರಜೆ. ಬಾಲ ಸುತ್ತಿಕೊಂಡು ಕಪಾಟಿನಲ್ಲಿ ಮಲಗಿರುತ್ತದೆ. ನಾನು ಬರೀ ಕೀಲಿಮಣೆಯಲ್ಲೇ ಕೆಲಸ ಮಾಡುತ್ತೇನೆ. ಕೆಲವು ಸಲ ಪರದೆಯನ್ನೂ ಆರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಕೂತಿರುತ್ತೇನೆ. ಮೊದಲ ಸಲ ಇದನ್ನು ಕಂಡ ಅತ್ತೆಯವರು 'ಕರೆಂಟು ಹೋಗಿದ್ದೂ ಗೊತ್ತಾಗದಷ್ಟು ಕೆಲಸವೇನೇ?' ಎಂದು ಮರುಗಿ ಒಂದು ಲೋಟ ಕಷಾಯ ತಂದಿಟ್ಟಿದ್ದರು.

ನನ್ನ ಉದ್ಯೋಗ ಜಾಲತಾಣಗಳ ಪರೀಕ್ಷೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು, ಓದಿದ್ದು ಬೇಗ ತಲೆಗೆ ಹತ್ತದವರು ಒಂದು ಜಾಲತಾಣವನ್ನು ಇನ್ನೊಬ್ಬರ ನೆರವಿಲ್ಲದೆ ಬಳಸಬಲ್ಲರೇ ಎಂದು ನೋಡಿ ವರದಿ ಬರೆಯಬೇಕು. ಎಲ್ಲ ಸರಿಯಿದ್ದರೆ ನಮ್ಮ ಕಂಪನಿ ಒಂದು ಪ್ರಮಾಣಪತ್ರ ಕೊಡುತ್ತದೆ. ಕಂಪನಿ ಇರುವುದು ಬೆಂಗಳೂರಿನಲ್ಲಿ. ಕೊರೊನಾ ಕಾಲದಲ್ಲಿ ಗಂಟುಮೂಟೆ ಕಟ್ಟಿಕೊಂಡು ಶಿಕಾರಿಪುರಕ್ಕೆ ಬಂದವಳು ಇಲ್ಲೇ ಉಳಿದುಬಿಟ್ಟೆ. ನಾಲ್ಕನೆಯ ತರಗತಿಯ ನನ್ನ ಮಗಳು ಶಾಲೆಯಲ್ಲಿ ಹೇಳಿಕೊಂಡಿದ್ದು ಹೀಗೆ: 'ನಮ್ಮಮ್ಮ ವೆಬ್‌ಸೈಟಿಗೆ ಎಕ್ಸಾಮ್ ಮಾಡ್ತಾಳೆ. ಫೇಲಾದ್ರೆ ಮತ್ತೆ ಬರೆಸ್ತಾಳೆ.' ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಈ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇದೆ. ಅದನ್ನು ತಯಾರಿಸುವುದು ಡಬ್ಲ್ಯುತ್ರೀಸಿ ಎಂಬ ಸಂಸ್ಥೆ. ವೆಬ್ ಎಂಬುದನ್ನೇ ಕಂಡುಹಿಡಿದ ಟಿಮ್ ಬರ್ನರ್ಸ್ ಲೀ 1994ರಲ್ಲಿ ಇದನ್ನು ಕಟ್ಟಿದರು. ಮೊದಲ ಪ್ರಶ್ನೆಪತ್ರಿಕೆ ಹೊರಬಂದಿದ್ದು 1999ರಲ್ಲಿ. ಅಲ್ಲಿಂದ ತಿದ್ದುಪಡಿಯಾಗುತ್ತ ಬಂದಿದೆ. 2018ರ ಆವೃತ್ತಿಯಲ್ಲಿ ನಮಗೆ ಬೇಕಾದ ಮಟ್ಟಕ್ಕೆ 50 ಪ್ರಶ್ನೆಗಳು. ಪ್ರಶ್ನೆಪತ್ರಿಕೆ ಕೊಡುವ ಈ ಸಂಸ್ಥೆ ಯಾರಿಗೂ ಅಂಕಪಟ್ಟಿ ಕೊಡುವುದಿಲ್ಲ. ನಮ್ಮ ದೇಶದಲ್ಲಿ ಸರ್ಕಾರಿ ಜಾಲತಾಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಎಸ್‌ಟಿಕ್ಯೂಸಿ ಎಂಬ ನಿರ್ದೇಶನಾಲಯ. ಸರ್ಕಾರಿ ತಾಣ ಹೇಗಿರಬೇಕು ಎಂಬ ಮಾರ್ಗಸೂಚಿ 2009ರಲ್ಲಿ ಬಂತು. ಅದರ ಮೂರನೆಯ ಆವೃತ್ತಿ ಬಂದದ್ದು 2023ರಲ್ಲಿ. ಖಾಸಗಿಯವರು ನಮ್ಮಂಥ ಕಂಪನಿಗಳ ಹತ್ತಿರ ಬರುತ್ತಾರೆ.

ಪ್ರಶ್ನೆಗಳು ಕೇಳಲು ಸುಲಭ. ಮೌಸ್ ಇಲ್ಲದೆ ಎಲ್ಲ ಗುಂಡಿಗಳನ್ನೂ ಮುಟ್ಟಲು ಆಗುತ್ತದೆಯೇ? ಚಿತ್ರದಲ್ಲಿ ಏನಿದೆ ಎಂದು ಕಾಣದವರಿಗೆ ತಿಳಿಸುವ ಸಾಲೊಂದು ಒಳಗೆ ಇದೆಯೇ? ವಿಡಿಯೊದ ಮಾತು ಅಕ್ಷರದಲ್ಲೂ ಬರುತ್ತದೆಯೇ? ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಸಾಕಷ್ಟಿದೆಯೇ? ಇದಕ್ಕೊಂದು ಲೆಕ್ಕವಿದೆ. ಬಿಳಿ ಹಾಳೆಯ ಮೇಲೆ ಕಪ್ಪಕ್ಷರವಾದರೆ 21ಕ್ಕೆ 1. ಕನಿಷ್ಠ ನಾಲ್ಕೂವರೆಗೆ 1 ಇರಬೇಕು. ಬಿಳಿಯ ಮೇಲೆ ತಿಳಿಹಳದಿ ಬಳಿದು 'ಎಷ್ಟು ಕ್ಲಾಸಿಯಾಗಿದೆ ನೋಡಿ' ಎನ್ನುವವರು ಇಲ್ಲೇ ಬೀಳುತ್ತಾರೆ.

ಇನ್ನೊಂದು ಪ್ರಶ್ನೆ ಮಕ್ಕಳಿಗೆ ಕುತೂಹಲ ಹುಟ್ಟಿಸುವಂಥದು. ಪರದೆಯ ಮೇಲೆ ಯಾವುದೂ ಒಂದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಝಗ್ ಎಂದು ಮಿಂಚಬಾರದು. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಒಂದೇ ಸಮನೆ ಮಿಂಚಿತು. ಆರುನೂರಕ್ಕೂ ಹೆಚ್ಚು ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೆಲವರಿಗೆ ಅಂಥ ಬೆಳಕಿನಿಂದ ಫಿಟ್ಸ್ ಬರುತ್ತದೆ. ಪ್ರಶ್ನೆಪತ್ರಿಕೆಯ ಒಂದೊಂದು ಸಾಲಿನ ಹಿಂದೆಯೂ ಹೀಗೆ ಯಾರದೋ ಕಷ್ಟ ಇದೆ.

ಈ ಪರೀಕ್ಷೆಯಲ್ಲಿ ನನ್ನ ಗುರು ನನ್ನ ಸೋದರಮಾವ. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದವರು, ಈಗ ಎಪ್ಪತ್ತು. ನಿವೃತ್ತಿಯಾದ ಮೇಲೆ ಗ್ಲಾಕೋಮ ಕಣ್ಣನ್ನು ಸದ್ದಿಲ್ಲದೆ ತಿಂದುಬಿಟ್ಟಿತು. ಮೊದಲು ಪಕ್ಕದ್ದು ಕಾಣಲಿಲ್ಲ, ಆಮೇಲೆ ಎದುರಿನದೂ ಕಾಣಲಿಲ್ಲ. ಆರು ತಿಂಗಳು ಯಾರ ಜೊತೆಯೂ ಮಾತಾಡದೆ ಜಗಲಿಯ ಮೇಲೆ ಕೂತಿದ್ದರು. ಏಳನೆಯ ತಿಂಗಳು ನನಗೆ ಫೋನು ಮಾಡಿ, 'ಪುಟ್ಟೀ, ಕಂಪ್ಯೂಟರು ಮಾತಾಡ್ತದಂತಲ್ಲೇ? ನಂಗೂ ಕಲಿಸು' ಅಂದರು.

ಕಲಿಸಿದ್ದು ಎನ್‌ವಿಡಿಎ ಎಂಬ ತಂತ್ರಾಂಶ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ತೇ ಎಂಬ ಇಬ್ಬರು ಕಣ್ಣು ಕಾಣದ ಗೆಳೆಯರು 2006ರಲ್ಲಿ ಶುರು ಮಾಡಿದ್ದು. ಅಂಥ ತಂತ್ರಾಂಶಗಳಿಗೆ ಆಗ ವಿಪರೀತ ಬೆಲೆಯಿತ್ತು, ಇವರದು ಪುಕ್ಕಟೆ. ಕನ್ನಡವನ್ನೂ ಓದುತ್ತದೆ. 'ಮೂಗು ಹಿಡ್ಕೊಂಡು ಪಾಠ ಒಪ್ಪಿಸೋ ಹುಡುಗನ ಹಾಗೆ ಓದ್ತಾನೆ, ಆದ್ರೆ ತಪ್ಪಿಲ್ದೆ ಓದ್ತಾನೆ' ಎನ್ನುವುದು ಮಾವನ ಶರಾ. ಮೂರು ತಿಂಗಳಲ್ಲಿ ನನಗಿಂತ ವೇಗವಾಗಿ ಕೇಳಲು ಕಲಿತರು. ಅವರು ಇಟ್ಟುಕೊಂಡಿರುವ ವೇಗದಲ್ಲಿ ನನಗೆ ಕೇಳಿಸುವುದು ಜೀರುಂಡೆಯ ಸದ್ದು ಮಾತ್ರ.

ಮಾವನಿಗೆ ಕಂಪ್ಯೂಟರ್ ಬೇಕಾಗಿದ್ದು ಪೇಪರ್ ಓದುವುದಕ್ಕಷ್ಟೇ ಅಲ್ಲ. ಕಣ್ಣು ಹೋದ ಮೇಲೆ ಅರ್ಜಿ ತುಂಬಲು, ಪಿಂಚಣಿ ಬಂತೇ ಎಂದು ನೋಡಲು, ಕರೆಂಟು ಬಿಲ್ಲು ಕಟ್ಟಲು ಪೇಟೆಯ ಸೈಬರ್ ಅಂಗಡಿಗೆ ಹೋಗಬೇಕಾಗಿತ್ತು. ಪಾಸ್‌ವರ್ಡು ಅಂಗಡಿಯ ಹುಡುಗನಿಗೆ ಬಾಯಿಪಾಠ. ಒಟಿಪಿ ಬಂದರೆ ಫೋನನ್ನು ಅವನ ಕೈಗೇ ಕೊಡುವುದು. 'ಹುಡುಗ ಒಳ್ಳೆಯವನೇ ಕಣೇ. ನಾಕಾಣೆ ಮುಟ್ಟಿದವನಲ್ಲ. ಆದ್ರೆ ನನ್ನ ಖಾತೇಲಿ ಎಷ್ಟಿದೆ ಅನ್ನೋದು ನಿಮ್ಮತ್ತೆಗಿಂತ ಮೊದ್ಲು ಅವನಿಗೆ ಗೊತ್ತಾಗ್ತದಲ್ಲ, ಅದು ನಂಗೆ ಸರಿ ಬರೋದಿಲ್ಲ' ಅಂದಿದ್ದರು. ನಲವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ಮನುಷ್ಯ ತನ್ನ ಲೆಕ್ಕವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು. ನನ್ನ ಉದ್ಯೋಗ ಯಾವುದಕ್ಕಾಗಿ ಇದೆ ಎಂದು ಯಾರಾದರೂ ಕೇಳಿದರೆ ಈ ಮಾತನ್ನೇ ಹೇಳುತ್ತೇನೆ.

ಹೋದ ವರ್ಷ ನಮ್ಮ ಕಡೆಯದೇ ಒಂದು ಹಣಕಾಸು ಸಂಸ್ಥೆಯ ಹೊಸ ಜಾಲತಾಣ ಪರೀಕ್ಷೆಗೆ ಬಂತು. ಜೊತೆಗೆ ಅವರು ಒಂದು ವರದಿಯನ್ನೂ ಕಳಿಸಿದ್ದರು. ಜಾಲತಾಣದ ವಿಳಾಸ ಕೊಟ್ಟರೆ ಎರಡು ನಿಮಿಷದಲ್ಲಿ ತಪ್ಪು ಹುಡುಕುವ ಯಂತ್ರಗಳಿವೆ. ಅಂಥದೊಂದು ಯಂತ್ರ 'ದೋಷ: ಸೊನ್ನೆ' ಎಂದು ಹಸಿರು ಗುರುತು ಹಾಕಿತ್ತು. 'ಮುಂದಿನ ವಾರ ಉದ್ಘಾಟನೆ ಮೇಡಂ, ಸರ್ಟಿಫಿಕೇಟ್ ಫ್ರೇಮ್ ಹಾಕಿಸಬೇಕು. ಮಷೀನೇ ಪಾಸ್ ಮಾಡಿದ ಮೇಲೆ ಇನ್ನೇನಿದೆ?' ಎಂದರು.

ಯಂತ್ರ ಕೆಲಸಕ್ಕೆ ಬಾರದ್ದೇನಲ್ಲ. ನಾವೂ ಮೊದಲು ಅದನ್ನೇ ಓಡಿಸುತ್ತೇವೆ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಎಂದು ಅದು ಹೇಳಬಲ್ಲದು. ಆ ವಿವರಣೆ 'ಚಿತ್ರ 1' ಎಂದಿದ್ದರೂ ಅದಕ್ಕೆ ಸಂತೋಷ. ಆ ಸಾಲಿನಿಂದ ಮನುಷ್ಯನಿಗೆ ಏನಾದರೂ ತಿಳಿಯಿತೇ ಎಂದು ಮನುಷ್ಯನನ್ನೇ ಕೇಳಬೇಕು. ಆದ್ದರಿಂದ ನಮ್ಮ ತಂಡದ ಪಟ್ಟಿಯಲ್ಲಿ ಅಂಗವಿಕಲ ಪರೀಕ್ಷಕರು ಇರುತ್ತಾರೆ, ಅವರಿಗೆ ಸಂಭಾವನೆಯೂ ಉಂಟು. ಮಾವ ಅವರಲ್ಲಿ ಒಬ್ಬರು. ನಾನು ಶಿಕಾರಿಪುರದಿಂದ ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲೆ ಸೊರಬ ಸೇರಿ, ಅಲ್ಲಿಂದ ಆಟೊ ಹಿಡಿದು ಅವರ ಮನೆಗೆ ಹೋದೆ. ಹೇಗೆ ಮಾಡುತ್ತಾರೆಂದು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು, ಬಾಯಿ ಮಾತ್ರ ತೆರೆಯಬಾರದು.

ಖಾತೆ ತೆರೆಯುವ ಅರ್ಜಿ. ಹೆಸರು, ವಿಳಾಸ ತುಂಬಿದರು. ಹುಟ್ಟಿದ ತಾರೀಕಿನ ಹತ್ತಿರ ಬಂದು ನಿಂತರು. ಅಲ್ಲೊಂದು ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಅಂಕಿ ಟೈಪ್ ಮಾಡಲು ಬಿಡುವುದಿಲ್ಲ. ಮೌಸ್ ಇದ್ದವರು ವರ್ಷದ ಪಟ್ಟಿಯನ್ನು ಜಾರಿಸಿಬಿಡಬಹುದು. ಕೀಲಿಮಣೆಯವರು ತಿಂಗಳಿಂದ ತಿಂಗಳಿಗೆ ಹಿಂದೆ ಹೋಗಬೇಕು. ಮಾವ ಕೈ ಎತ್ತಿ ಲೆಕ್ಕ ಹಾಕಿದರು. 'ನಂಗೆ ಎಪ್ಪತ್ತು. ತಿಂಗಳಿಗೊಂದು ಒತ್ತು. ಎಪ್ಪತ್ತ ಹನ್ನೆರಡಲೆ ಎಂಟುನೂರ ನಲವತ್ತು. ಹುಟ್ಟಿದ ದಿನಕ್ಕೆ ಹೋಗಿ ಮುಟ್ಟೋ ಹೊತ್ತಿಗೆ ಇನ್ನೊಂದು ಹುಟ್ಟುಹಬ್ಬ ಬಂದಿರ್ತದೆ ಮಾರಾಯ್ತಿ!' ಅತ್ತೆ ಒಳಗಿನಿಂದ ನಕ್ಕರು. ಮಾವ ನಗಲಿಲ್ಲ. ಒತ್ತುತ್ತಲೇ ಹೋದರು. ಇಪ್ಪತ್ತು ನಿಮಿಷ.

ಕೊನೆಗೆ 'ಸಲ್ಲಿಸಿ' ಎಂಬ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಉಸಿರಿಲ್ಲ. ನನಗೆ ಪರದೆಯ ಮೇಲೆ ಕಾಣುತ್ತಿತ್ತು: ಪಿನ್‌ಕೋಡಿನ ಚೌಕದ ಸುತ್ತ ತೆಳ್ಳನೆ ಕೆಂಪು ಗೆರೆ. ಒಂದು ಅಂಕಿ ಬಿಟ್ಟುಹೋಗಿತ್ತು. ಕೆಂಪು ಗೆರೆಗೆ ಬಾಯಿಲ್ಲವಲ್ಲ. ಮಾವ ಮೂರನೆಯ ಸಲ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ, 'ಹುಡುಗನ ಅಂಗಡೀಗೇ ಹೋಗಣ' ಅಂದರು. ತಮಾಷೆಯ ದನಿಯಲ್ಲ ಅದು.

ಊಟವಾದ ಮೇಲೆ ನಿಯಮಾವಳಿಯ ಪಿಡಿಎಫ್ ತೆಗೆದೆವು. ಇದು ನಮ್ಮ ಕನ್ನಡದ್ದೇ ತೊಡಕು. ಈಗ ಫೋನಿನಲ್ಲಿ ನಾವು ಬರೆಯುವ ಕನ್ನಡ ಯುನಿಕೋಡ್. ಅದರಲ್ಲಿ 'ಕ' ಎಂದರೆ ಒಳಗೂ ಹೊರಗೂ 'ಕ'. ಆದರೆ ಕಚೇರಿಗಳಲ್ಲಿ ಇನ್ನೂ ಹಳೆಯ ನುಡಿ, ಬರಹ ಅಕ್ಷರಗಳ ಕಡತಗಳು ಓಡಾಡುತ್ತಿವೆ. ಅವುಗಳಲ್ಲಿ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷಿನ ಗುರುತುಗಳು. ನುಡಿಯ 'ಕ' ಒಳಗೆ ಇಂಗ್ಲಿಷಿನ 'ಪಿ' ಕೂತಿರುತ್ತದೆ, 'ನ' ಒಳಗೆ ಬ್ರಿಟನ್ನಿನ ಪೌಂಡ್ ಗುರುತು. ಕಣ್ಣಿಗೆ ವ್ಯತ್ಯಾಸವಿಲ್ಲ. ಕಿವಿಗೆ? ಎನ್‌ವಿಡಿಎ 'ಪಿ… ಪೌಂಡ್… ಕ್ಯೂ…' ಎಂದು ಶುರು ಮಾಡಿತು. 'ಇದೇನು ಲಂಡನ್ನಿಂದ ಬಂದ ಪತ್ರವಾ?' ಅಂದರು ಮಾವ. ಎರಡನೆಯ ಪಿಡಿಎಫ್ ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಹಾಳೆಯ ಫೋಟೊ. ಅದು ಮೂಕ.

ವರದಿ ಬರೆದೆ. ಪ್ರಮಾಣಪತ್ರ ಈಗ ಕೊಡಲಾಗದು ಎಂದೆವು. ಸಂಸ್ಥೆಯವರಿಗೆ ಸಿಟ್ಟು ಬಂತು. 'ಕಣ್ಣು ಕಾಣದವರು ಎಷ್ಟು ಜನ ಬರ್ತಾರೆ ಮೇಡಂ ನಮ್ಮ ಸೈಟಿಗೆ?' ಎಂಬ ಪ್ರಶ್ನೆ ಬಂತು. ಇದು ನಾನು ಎಲ್ಲ ಕಡೆಯೂ ಕೇಳುವ ಪ್ರಶ್ನೆ. ಮೆಟ್ಟಿಲು ಮಾತ್ರ ಇರುವ ಕಚೇರಿಗೆ ಗಾಲಿಕುರ್ಚಿಯವರು ಬರುವುದಿಲ್ಲ, ಆದ್ದರಿಂದ ಇಳಿಜಾರು ಬೇಡ ಎಂದ ಹಾಗೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ಪೊರೆ ಬಂದ ಕಣ್ಣಿನ ಅಜ್ಜಿ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಪ್ಪ, ಬಿಸಿಲಿನಲ್ಲಿ ನಿಂತು ಮಸುಕು ಅಕ್ಷರ ಓದಲು ಹೆಣಗುವ ನಾವು ಆ ಲೆಕ್ಕದಲ್ಲಿ ಇಲ್ಲ.

ಆಮೇಲೆ ಅವರು ಒಂದು ಅಡ್ಡದಾರಿ ಹುಡುಕಿದರು. ಜಾಲತಾಣದ ಮೂಲೆಯಲ್ಲಿ ಒಂದು ಗುಂಡಿ ಅಂಟಿಸಿದರೆ ಎಲ್ಲ ತಾನೇ ಸರಿಯಾಗುತ್ತದೆ ಎಂದು ಮಾರುವವರಿದ್ದಾರೆ. ಒಳಗಿನ ಕ್ಯಾಲೆಂಡರನ್ನು ಆ ಗುಂಡಿ ತಿದ್ದುವುದಿಲ್ಲ. ಅಂಥ ಸಾಧನದಿಂದ ಯಾವ ಜಾಲತಾಣವನ್ನಾದರೂ ನಿಯಮಕ್ಕೆ ಸರಿಹೊಂದಿಸಬಹುದು ಎಂದು ಹೇಳಿಕೊಂಡ ಆಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಅದನ್ನು ತೋರಿಸಿದೆವು.

ಕಾನೂನನ್ನೂ ತೋರಿಸಬೇಕಾಯಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಮಾಹಿತಿ, ಸಂವಹನ ಎಲ್ಲರಿಗೂ ಎಟುಕಬೇಕೆಂದು ಅದರ 42ನೆಯ ಸೆಕ್ಷನ್ ಹೇಳುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಮಾನದಂಡಗಳು ಬರೀ ಸಲಹೆಯಾದರೆ ಸಾಲದು, ಕಡ್ಡಾಯ ನಿಯಮಗಳು ಬೇಕು ಎಂದಿತು. ಆ್ಯಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದರಂತೆ. ಅವರಿಗೆ ಮಿಟುಕಿಸಲು ಆಗುವುದಿಲ್ಲ. ಅವರ ಮತ್ತು ಕಣ್ಣು ಕಾಣದ ಅಮರ್ ಜೈನ್ ಅವರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನದೇ ಭಾಗ ಎಂದು ನ್ಯಾಯಾಲಯ ಹೇಳಿತು. ಕೊಟ್ಟ 20 ನಿರ್ದೇಶನಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಆ್ಯಪ್, ಜಾಲತಾಣ ಮಾಡುವಾಗ ಕಣ್ಣು ಕಾಣದವರನ್ನೇ ಪರೀಕ್ಷೆಗೆ ಸೇರಿಸಿಕೊಳ್ಳಬೇಕು. ಇದನ್ನು ಓದಿ ಹೇಳಿದಾಗ ಮಾವ 'ಹಾಗಾದ್ರೆ ಸುಪ್ರೀಂ ಕೋರ್ಟೂ ನಮ್ಮ ಪಾರ್ಟಿ' ಅಂದರು.

ಆ ಸಂಸ್ಥೆಯಲ್ಲಿದ್ದ ಒಬ್ಬ ಹುಡುಗಿ, ಪ್ರೋಗ್ರಾಂ ಬರೆಯುವವಳು, ಸಿಟ್ಟು ಮಾಡಿಕೊಳ್ಳಲಿಲ್ಲ. 'ಅವರು ಬಳಸೋದನ್ನ ನಾನೂ ಒಂದ್ಸಲ ನೋಡಬಹುದಾ?' ಎಂದು ಕೇಳಿ ಸೊರಬಕ್ಕೇ ಬಂದಳು. ಮಾವ ಕ್ಯಾಲೆಂಡರಿನಲ್ಲಿ ಹಿಂದೆ ಹೋಗುವುದನ್ನು ಐದು ನಿಮಿಷ ನೋಡಿ, 'ಸಾಕು ಸರ್' ಎಂದಳು. ಐದು ವಾರದಲ್ಲಿ ಎಲ್ಲ ತಿದ್ದಿದಳು. ತಾರೀಕು ಟೈಪ್ ಮಾಡುವ ಚೌಕ ಬಂತು. ತಪ್ಪಾದರೆ 'ಪಿನ್‌ಕೋಡಿನಲ್ಲಿ ಆರು ಅಂಕಿ ಇರಬೇಕು' ಎಂದು ಅಕ್ಷರದಲ್ಲಿ ಬಂತು, ಓದುಗ ತಂತ್ರಾಂಶಕ್ಕೂ ಕೇಳಿಸಿತು. ನಿಯಮಾವಳಿ ಯುನಿಕೋಡಿಗೆ ಬಂತು. ಮಾವ ಅರ್ಜಿ ತುಂಬಿದರು. ಒಟಿಪಿ ಬಂದಾಗ ಫೋನನ್ನು ತಾವೇ ಕಿವಿಗೆ ಹಿಡಿದು, ಯಾರಿಗೂ ಕೇಳಿಸದ ಹಾಗೆ ಗೋಡೆಯ ಕಡೆ ತಿರುಗಿ, ಆರು ಅಂಕಿ ಕೇಳಿಕೊಂಡು ಟೈಪ್ ಮಾಡಿದರು. ಹನ್ನೊಂದು ನಿಮಿಷ. 'ಎಷ್ಟು ದುಡ್ಡು ಹಾಕಿದ್ರಿ?' ಎಂದು ಅತ್ತೆ ಕೇಳಿದರು. 'ಹೇಳಲ್ಲ' ಅಂದರು ಮಾವ. ಆ 'ಹೇಳಲ್ಲ' ಎನ್ನುವಾಗಿನ ಅವರ ಮುಖವನ್ನು ನೀವು ನೋಡಬೇಕಿತ್ತು.

ಪ್ರಮಾಣಪತ್ರ ಕೊಟ್ಟೆವು. ಕತೆ ಅಲ್ಲಿಗೆ ಮುಗಿಯಬೇಕು, ಆದರೆ ಮುಗಿಯುವುದಿಲ್ಲ. ಆರು ತಿಂಗಳಿಗೆ ಬಡ್ಡಿದರ ಬದಲಾಯಿತು. ಹೊಸ ಪ್ರಕಟಣೆಯನ್ನು ಯಾರೋ ಅವಸರದಲ್ಲಿ ಸ್ಕ್ಯಾನ್ ಮಾಡಿ ಏರಿಸಿದ್ದರು. ಗೋಡೆಯ ಮೇಲೆ ಪ್ರಮಾಣಪತ್ರ ಹಾಗೆಯೇ ಇತ್ತು, ಜಾಲತಾಣದಲ್ಲಿ ಆ ಪುಟ ಮೂಕವಾಗಿತ್ತು. ಮಾವ ಫೋನು ಮಾಡಿ ಹೇಳಿದರು, ಸಂಜೆಯೊಳಗೆ ಸರಿಯಾಯಿತು. ಪ್ರಮಾಣಪತ್ರಕ್ಕೆ ಒಂದು ಅವಧಿ ಇಟ್ಟಿರುವುದು, ಅದು ಮುಗಿದಾಗ ಮತ್ತೆ ಪರೀಕ್ಷೆ ಮಾಡುವುದು ಇದಕ್ಕೇ. ನಾವು ಪರೀಕ್ಷೆ ಮಾಡಿದ್ದು ಆ ದಿನದ ಜಾಲತಾಣವನ್ನು. ನಾಳೆ ಏರಿಸುವ ಪುಟಕ್ಕೆ ನಾಳೆಯವರೇ ಹೊಣೆ.

ಮಾವ ಇದನ್ನು ಬಳ್ಳಿಗಾವೆಯ ಮೂಲಕ ಹೇಳುತ್ತಾರೆ. ಶಿರಾಳಕೊಪ್ಪದ ಹತ್ತಿರ, ಶಿಕಾರಿಪುರ ತಾಲ್ಲೂಕಿನ ಊರು. ಮೇಷ್ಟ್ರಾಗಿದ್ದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ಕೇದಾರೇಶ್ವರ ದೇವಸ್ಥಾನದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ವೇದ, ವ್ಯಾಕರಣ ಕಲಿಸುತ್ತಿದ್ದ ದೊಡ್ಡ ವಿದ್ಯಾಕೇಂದ್ರ ಅದು. ಅಲ್ಲಿ ಯಾರಿಗೆಲ್ಲ ಅನ್ನ ಸಿಗುತ್ತದೆ ಎಂದು ಶಾಸನ ಪಟ್ಟಿ ಕೊಡುತ್ತದೆ: ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು. ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದೂ ಅದು ಹೇಳುತ್ತದೆ. 'ಎಲ್ಲರಿಗೂ ಅಂತ ಒಂದೇ ಮಾತಲ್ಲಿ ಮುಗಿಸ್ಲಿಲ್ಲ ನೋಡು' ಎನ್ನುತ್ತಾರೆ ಮಾವ. 'ಎಲ್ಲರಿಗೂ ಅಂದ್ರೆ ನಮ್ಮಂಥವರು ಮರೆತುಹೋಗ್ತೇವೆ. ಹೆಸರಿಟ್ಟು ಬರೆಸಿದ್ರು. ಆದ್ರೆ ಪುಟ್ಟೀ, ಕಲ್ಲು ಅನ್ನ ಬಡಿಸೋದಿಲ್ಲ. ಶಾಸನ ನಿಲ್ಲಿಸಿದ ಮರುದಿನಾನೂ ಒಲೆ ಹತ್ತಿಸಬೇಕಿತ್ತು.'

ಮನೆಯಲ್ಲಿ ಮಕ್ಕಳಿದ್ದರೆ ಈ ಭಾನುವಾರ ಒಂದು ಆಟ ಆಡಿಸಿ. ಯಾವುದಾದರೂ ಜಾಲತಾಣ ತೆರೆದು, ಮೌಸ್ ಪಕ್ಕಕ್ಕಿಟ್ಟು, ಟ್ಯಾಬ್ ಕೀಲಿ ಮಾತ್ರ ಒತ್ತುತ್ತ ಹೋಗಲಿ. ಈಗ ಎಲ್ಲಿದ್ದೇವೆ ಎಂದು ತೋರಿಸುವ ಚೌಕ ಕಾಣುತ್ತದೆಯೇ? ಬೇಕಾದ ಗುಂಡಿಯನ್ನು ಮುಟ್ಟಲು ಆಯಿತೇ? ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಲಿ, ಸಾಲುಗಳು ಒಂದರ ಮೇಲೊಂದು ಬೀಳುತ್ತವೆಯೇ? ವಿಡಿಯೊದ ಸದ್ದು ತೆಗೆದು ನೋಡಲಿ, ಏನಾದರೂ ಅರ್ಥವಾಯಿತೇ? ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬುದಿದೆ. ಹಾಕಿದ ಮೇಲೆ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆರಿಸುವುದು ಹೇಗೆಂದು ಮೊದಲೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಮನೆಯವರೆಲ್ಲ ಸೇರಿ ಒದ್ದಾಡುತ್ತೀರಿ. ತೊಡಕು ಕಂಡರೆ ಆ ಸಂಸ್ಥೆಗೆ ಎರಡು ಸಾಲು ಬರೆಯಿರಿ. ದೂರು ಕೊಡಲು 2021ರಿಂದ ಸುಗಮ್ಯ ಭಾರತ್ ಎಂಬ ಸರ್ಕಾರಿ ಆ್ಯಪ್ ಕೂಡ ಇದೆ.

ಇನ್ನೊಂದಕ್ಕೆ ಯಾವ ಕಚೇರಿಯೂ ಬೇಕಾಗಿಲ್ಲ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮದುವೆ ಕರೆಯೋಲೆ, ಗೃಹಪ್ರವೇಶದ ಕರೆ, ಸಾವಿನ ಸುದ್ದಿ ಎಲ್ಲ ಫೋಟೊ ಆಗಿಯೇ ಬರುತ್ತಿದ್ದವು. ಮಾವನ ಫೋನು 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಈಗ ನನ್ನ ಮಗಳು ಫೋಟೊ ಬಂದ ಕೂಡಲೇ ಕೆಳಗೆ ಟೈಪ್ ಮಾಡುತ್ತಾಳೆ: ಯಾರ ಮದುವೆ, ಯಾವ ದಿನ, ಎಲ್ಲಿ. ಅವಳನ್ನು ನೋಡಿ ಗುಂಪಿನ ದೊಡ್ಡವರೂ ಬರೆಯತೊಡಗಿದ್ದಾರೆ. ಹೋದ ತಿಂಗಳು ಆನವಟ್ಟಿಯ ಒಂದು ಮದುವೆಗೆ ನಮಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದವರು ಮಾವ. 'ಈ ಸಲ ಯಾರೂ ಓದಿ ಹೇಳಬೇಕಾಗ್ಲಿಲ್ಲ' ಅಂದರು.